ಸಂವಿಧಾನಂ, ಸಂಭಾಷಣಂ

ಕೊಚ್ಚಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ ನಾನು ಮೊದಲ ಮಲಯಾಳಂ ಸಿನಿಮಾ ನೋಡಿದೆ. ಭಾಷೆ ಬರುತ್ತಿರಲಿಲ್ಲ. ಆದರೂ ತಂದೆ ಮಗಳು ಎದುರುಬದುರು ಕೂತು ಏನೂ ಮಾತಾಡದೆ ಊಟ ಮಾಡುವ ಒಂದು ದೃಶ್ಯ ಮನಸ್ಸಿನಲ್ಲಿ ಉಳಿಯಿತು. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು ಕಾಸರಗೋಡಿನವರು. ನಿರ್ದೇಶಕ ಯಾರು ಎಂದು ಅವರನ್ನು ಕೇಳಿದೆ. ಹೆಸರನ್ನು ಮಲಯಾಳದಲ್ಲಿ ಬರೆದುಕೊಟ್ಟು, ಪೋಸ್ಟರಿನಲ್ಲಿ ಹೆಸರಿನ ಮೇಲಿರುವ ಪದವನ್ನೂ ಬರೆದು ತೋರಿಸಿದರು. "ಇಲ್ಲಿ ಸಂವಿಧಾನಂ ಅಂದ್ರೆ ನಿರ್ದೇಶನ. ರಾಜ್ಯಾಂಗ ಅಲ್ಲ ಮಾರಾಯ್ರೆ."

ಆ ಹೆಸರನ್ನು ಓದಲೆಂದೇ ಮಲಯಾಳಂ ಅಕ್ಷರ ಕಲಿತೆ. ಆ ನಿರ್ದೇಶಕರ ಇನ್ನೆರಡು ಚಿತ್ರಗಳನ್ನು ಹುಡುಕಿಕೊಂಡು ಹೋಗಿ ನೋಡಿದೆ.

ಮುಂದೆ ನನಗೂ ಕಾಸರಗೋಡಿನವರಿಗೂ ತಿರುವನಂತಪುರಕ್ಕೆ ವರ್ಗವಾಯಿತು. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ಪಟ್ಟಂನಲ್ಲಿ ಮನೆ ಹಿಡಿದೆವು. ಒಂದು ಶನಿವಾರ ತಂಪಾನೂರಿನ ಬಸ್ ನಿಲ್ದಾಣದ ಗೋಡೆಯ ಮೇಲಿನ ಸಿನಿಮಾ ಪೋಸ್ಟರಿನಲ್ಲಿ ಅದೇ ಹೆಸರು ಕಂಡಿತು. ಮೇಲೆ 'ಸಂ' ಎಂದು ಶುರುವಾಗುವ ಪದ. ಉಳಿದದ್ದನ್ನು ಓದುವ ತಾಳ್ಮೆ ನನಗಿರಲಿಲ್ಲ. ಮರುದಿನ ಹೆಂಡತಿಯನ್ನು ಮ್ಯಾಟಿನಿಗೆ ಕರೆದುಕೊಂಡು ಹೋದೆ.

ಚಿತ್ರ ನಿಧಾನವಾಗಿತ್ತು. ಪಾತ್ರಗಳು ಮಾತು ನಿಲ್ಲಿಸಿ ಸುಮ್ಮನೆ ನಿಂತಾಗಲೆಲ್ಲ ನಾನು, ಇದು ಅವರಿಗೆ ಮಾತ್ರ ಸಾಧ್ಯ ಎಂದುಕೊಂಡೆ. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಹೆಂಡತಿ ಹೇಳಿದಳು: "ಆ ಹೆಂಗಸು ಬಾವಿಯಿಂದ ಬರ್ತಾಳಲ್ಲ, ಅವಳ ಕೊಡದಲ್ಲಿ ನೀರೇ ಇರ್ಲಿಲ್ಲ ಕಣ್ರೀ. ತುಂಬಿದ ಕೊಡ ಹೊತ್ತೋರು ಹಾಗೆ ನಡೆಯಲ್ಲ."

ಅಷ್ಟು ದೊಡ್ಡ ನಿರ್ದೇಶಕರಿಗೆ ಅದು ತಿಳಿಯದೆ ಇರುತ್ತದೆಯೇ, ಖಾಲಿ ಕೊಡಕ್ಕೂ ಒಂದು ಅರ್ಥವಿರುತ್ತದೆ ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ನಿನಗೆ ಇದೆಲ್ಲ ಗೊತ್ತಾಗಲ್ಲ" ಎಂದೂ ಸೇರಿಸಿದೆ.

ಮುಂದಿನ ತಿಂಗಳು ಇನ್ನೊಂದು ಚಿತ್ರಕ್ಕೆ ಹೋದೆವು. ಹೇಗಿತ್ತು ಎಂದು ಕೇಳಿದೆ. "ನಿಮಗೆ ಹೇಗನ್ನಿಸ್ತೋ ಹಾಗೆ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ನಾನು ಇಷ್ಟು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಬಹಳ ಮರ್ಯಾದೆಯಿಂದ ಹೇಳಿದಳು. ಆ ಊರಿನಲ್ಲಿ ಅವಳಿಗೆ ಕನ್ನಡದಲ್ಲಿ ಮಾತಾಡಲು ಇದ್ದವನು ನಾನೊಬ್ಬನೇ. ತಾನು ಕಂಡದ್ದನ್ನು ನನಗೆ ಹೇಳುವುದನ್ನು ಅವಳು ನಿಲ್ಲಿಸಿದ್ದಳು.

ಆ ಖಾಲಿ ಕೊಡದ ಚಿತ್ರದ ಮ್ಯಾಟಿನಿಯಲ್ಲಿ ಕೊಂಡಿದ್ದ ಪಾಟ್ಟುಪುಸ್ತಕ, ಎಂದರೆ ಚಿತ್ರದ ಹಾಡುಗಳ ಪುಸ್ತಕ, ನನ್ನ ಮೇಜಿನ ಖಾನೆಯಲ್ಲೇ ಇತ್ತು. ಕಾಸರಗೋಡಿನವರು ಒಂದು ಮಧ್ಯಾಹ್ನ ಅದನ್ನು ತಿರುವಿಹಾಕುತ್ತಿದ್ದರು. ನಿಮ್ಮ ಗುರುಗಳು ಈಗ ಬೇರೆಯವರಿಗೆ ಮಾತು ಬರೆದುಕೊಡುತ್ತಿದ್ದಾರೋ ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಬೆರಳಿಟ್ಟು ತೋರಿಸಿದರು. "ಸರಿಯಾಗಿ ಓದಿ ಮಾರಾಯ್ರೆ. ಸಂವಿಧಾನಂ ಅಲ್ಲ ಇದು, ಸಂಭಾಷಣಂ." ನಿರ್ದೇಶಕನ ಹೆಸರು ಕೆಳಗಿನ ಸಾಲಿನಲ್ಲಿತ್ತು, ನಾನು ಕೇಳಿಯೇ ಇರದ ಹೆಸರು.

ನಾನು ತಲೆದೂಗಿದ್ದ ಮೌನಗಳೆಲ್ಲ ಆ ಬೇರೆಯವನವು. ನನ್ನ ಮೆಚ್ಚಿನವರು ಬರೆದದ್ದು ಮಾತು ಮಾತ್ರ, ಅದರಲ್ಲಿ ಅರ್ಧ ನನಗೆ ತಿಳಿದೇ ಇರಲಿಲ್ಲ. ಆ ದಿನ ಫೈಲಿನಲ್ಲಿ ಒಂದು ಸಾಲನ್ನೂ ನೆಟ್ಟಗೆ ಬರೆಯಲಾಗಲಿಲ್ಲ.

ಮನೆಗೆ ಹೋದವನೇ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಕೊಡದ ವಿಷಯದಲ್ಲಿ ಅವಳದೇ ಸರಿ ಎಂದೂ ಹೇಳಿದೆ. ಅಕ್ಕಿ ಆರಿಸುತ್ತಿದ್ದ ಅವಳು ಮೊರದಿಂದ ತಲೆ ಎತ್ತಿದಳು.

"ನಿಮ್ಮವರೇ ಸಿನಿಮಾ ತೆಗೆದಿದ್ರೆ ಕೊಡ ತುಂಬಿರ್ತಿತ್ತಾ?"

ಹೆಸರು ತಪ್ಪು ಓದಿದ್ದಕ್ಕೆ ಸಿಕ್ಕಿಬಿದ್ದಿದ್ದೆ. ಚಿತ್ರ ನಿಜಕ್ಕೂ ಅವರದೇ ಆಗಿದ್ದರೆ ಖಾಲಿ ಕೊಡಕ್ಕೆ ಅರ್ಥ ಹೇಳುತ್ತಲೇ ಇರುತ್ತಿದ್ದೆ, ಸಿಕ್ಕಿಬೀಳುತ್ತಲೇ ಇರಲಿಲ್ಲ.

ಅವತ್ತೇ ತೀರ್ಮಾನಿಸಿದೆ. ಗೋಡೆಯ ಮೇಲಿನ ಹೆಸರು ಓದಬಾರದು. ಪಾಟ್ಟುಪುಸ್ತಕವನ್ನು ಚಿತ್ರ ಮುಗಿದ ಮೇಲೆ ಕೊಳ್ಳಬೇಕು. ಪರದೆಯ ಮೇಲೆ ಹೆಸರುಗಳು ಮುಗಿಯುವವರೆಗೆ ಬಾಗಿಲ ಹೊರಗೆ ನಿಲ್ಲಬೇಕು. ಟಿಕೆಟ್ ಹರಿಯುವವನು ನಮ್ಮನ್ನು ವಿಚಿತ್ರವಾಗಿ ನೋಡುತ್ತಿದ್ದ. ಕತ್ತಲಲ್ಲಿ ತಡವರಿಸಿಕೊಂಡು ಹೋಗುವಾಗ ಕಾಲು ತುಳಿಸಿಕೊಂಡವರು ಬೈಯುತ್ತಿದ್ದರು. ನಾನು ಬಿಡಲಿಲ್ಲ. ಎರಡು ಚಿತ್ರ ಹೀಗೆ ನೋಡಿದೆವು. ಎರಡು ಸಲವೂ ಅವಳು ಏನೂ ಹೇಳಲಿಲ್ಲ, ನಾನೂ ನನ್ನ ಅಭಿಪ್ರಾಯ ಹೇಳಲಿಲ್ಲ.

ಮೂರನೆಯದರಲ್ಲಿ, ಇಂಟರ್‌ವಲ್‌ಗೆ ಸ್ವಲ್ಪ ಮುಂಚೆ, ಅವಳು ನನ್ನ ಕಡೆ ವಾಲಿದಳು.

"ಆ ಮುದುಕಿ ಅಕ್ಕಿ ಆರಿಸೋದು ನೋಡಿ. ನಿಜವಾಗ್ಲೂ ಆರಿಸ್ತಿದಾಳೆ."

ನಾನು ನೋಡಿದೆ.