ಕಳಕಮ್ಮನ ಪಥ್ಯ

ಇರಕಲ್ಲಗಡದ ನಡುಬೀದಿಯಲ್ಲಿ ಹಂಪಣ್ಣ ಮಾಸ್ತರರ ಧೋತರ ಸೈಕಲ್ ಚೈನಿಗೆ ಸಿಕ್ಕು ಹರಿದು, ಅವರು ಬಿದ್ದದ್ದು ಸರಿಯಾಗಿ ಕಳಕಮ್ಮನ ಕಟ್ಟೆಯ ಮುಂದೆ. ಊರಿಗೆಲ್ಲ ಬುದ್ಧಿ ಹೇಳುವ ಬಾಯಿಗೆ ಮಣ್ಣು ಮೆತ್ತಿತ್ತು. ಕಳಕಮ್ಮ ನಗಲಿಲ್ಲ, ಸತ್ತ ಗಂಡನ ಧೋತರ ತಂದುಕೊಟ್ಟು, "ಉಟ್ಕೊಂಡು ಊಟಕ್ಕ ಕುಂದರ್ರಿ" ಎಂದಳು.

ಕೂಲಿ ಮಾಡುವ ಈ ಹೆಂಗಸಿಗೆ ಇದ್ದವಳು ಒಬ್ಬಳೇ ಮಗಳು, ಹದಿನೈದರ ಪಂಪಮ್ಮ. ಎಪ್ಪತ್ತೆಂಟನೇ ಇಸವಿಯಲ್ಲಿ ಹುಡುಗಿ ನಿದ್ದೆ ಬಿಟ್ಟು ಹಾಡುತ್ತ, ಮನೆಯ ಜೋಳವನ್ನೆಲ್ಲ ಬೀದಿಗೆ ಹಂಚಿದ್ದಳು. ಆಮೇಲೆ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಒಮ್ಮೆ ಬಾವಿಯಿಂದ ಎಳೆದು ತಂದಿದ್ದರು. ಊರು ದೆವ್ವ ಎಂದಿತು, ಮಾಸ್ತರರು ಧಾರವಾಡ ಎಂದರು. ಅಲ್ಲಿಯ ಡಾಕ್ಟರು ಲಿಥಿಯಂ ಗುಳಿಗೆ ಕೊಟ್ಟು, "ಉಪ್ಪು, ನೀರು ಎಂದಿನಂತೆಯೇ ಇರಲಿ, ಕಡಿಮೆ ಮಾಡಬೇಡಿ" ಎಂದಿದ್ದರು. ಹುಡುಗಿ ಮತ್ತೆ ಹುಡುಗಿಯಾದಳು. ಆ ಕೀರ್ತಿಯನ್ನು ಮಾಸ್ತರರು ಕೊಪ್ಪಳದ ಸಂತೆಯವರೆಗೂ ಒಯ್ದಿದ್ದರು.

ಈಗ ಬಡಿಸಲು ಬಂದ ಪಂಪಮ್ಮನ ಕೈ ನಡುಗಿ ಬೇಳೆ ಚೆಲ್ಲಿತು. ಗಂಗಾಳಕ್ಕೆ ಬಿದ್ದಷ್ಟನ್ನು ಮಾಸ್ತರರು ರುಚಿ ನೋಡಿದರು.

"ಕಳಕವ್ವಾ, ಉಪ್ಪು ಮರತೀಯೇನು?"

"ಮರ್ತಿಲ್ರಿ. ಪೂರಾ ಗುಣ ಆಗ್ಲಿ ಅಂತ ಅಮಾಸಿಯಿಂದ ಆಕಿಗೆ ಉಪ್ಪು ಬಿಡಿಸೀನಿ. ನಾನೂ ಬಿಟ್ಟೀನಿ."

"ಡಾಕ್ಟರ್ ಉಪ್ಪು ಬಿಡಬ್ಯಾಡ್ರಿ ಅಂದಿದ್ರಲ್ಲ!"

"ಅವರು ದೊಡ್ಡ ಮನಸಿನವರು, ಹಂಗ ಅಂತಾರ. ಪಥ್ಯ ಇಲ್ಲದ ಔಷಧ ಮೈಗೆ ಹತ್ತತೈತೇನ್ರಿ? ನಮ್ಮಪ್ಪಗ ಕಾಮಣಿ ಆಗಿ ಕಣ್ಣು ಹಳದಿ ಆದಾಗ ಉಪ್ಪು ಬಿಟ್ಟೇ..."

ಮಾತು ಮುಗಿಯುವ ಮೊದಲೇ ಪಂಪಮ್ಮ ವಾಂತಿ ಮಾಡಿಕೊಂಡು ಕಂಬದ ಬುಡದಲ್ಲಿ ಕುಸಿದಳು.

ಕೊಪ್ಪಳದ ಬಸ್ಸಿನಲ್ಲಿ ಹುಡುಗಿಗೆ ತಾಯಿಯ ಗುರುತೇ ಹತ್ತಲಿಲ್ಲ. ಸತ್ತವನ ಧೋತರ ಉಟ್ಟ ಮಾಸ್ತರರಿಗೆ ಬುದ್ಧಿಮಾತು ಒಂದೂ ನೆನಪಾಗಲಿಲ್ಲ. ಆಸ್ಪತ್ರೆಯಲ್ಲಿ ಗುಳಿಗೆ ನಿಲ್ಲಿಸಿ ಬಾಟಲಿ ತೂಗುಹಾಕಿದರು. ಉಪ್ಪು ತಪ್ಪಿದರೆ ಆ ಔಷಧ ಮೈಯಲ್ಲೇ ಉಳಿದು ವಿಷವಾಗುತ್ತದೆ ಎಂದರು.

"ಬಾಟಲ್ಯಾಗ ಏನೈತ್ರಿ?" ಕಳಕಮ್ಮ ಕೇಳಿದಳು.

"ಉಪ್ಪಿನ ನೀರು."

ಅವಳು ಬಾಟಲಿಯನ್ನೇ ನೋಡುತ್ತ ನೆಲದ ಮೇಲೆ ಕುಳಿತಳು.

ಪಂಪಮ್ಮ ಉಳಿದಳು. ಕೈನಡುಕವೂ ಉಳಿಯಿತು. ಗುಳಿಗೆ ಬೇರೆ ಅಳತೆಯಲ್ಲಿ ಮತ್ತೆ ಶುರುವಾಯಿತು. ರೊಟ್ಟಿ ಬಡಿಯುವುದು ಶುರುವಾಗಲಿಲ್ಲ. ಕನ್ಯೆ ನೋಡಲು ಬಂದವರು ಅವಳ ಕೈಯಲ್ಲಿ ಕಪ್ಪುಬಸಿ ಕಟಕಟಿಸುವುದನ್ನು ಕೇಳಿ, ಚಹಾ ಮುಟ್ಟದೆ ಎದ್ದುಹೋದರು.

ಎಂಬತ್ತಾರರಲ್ಲಿ ಮಾಸ್ತರರು ಮತ್ತೆ ಆ ಮನೆಯಲ್ಲಿ ಉಣ್ಣಲು ಕುಳಿತರು, ಈ ಸಲ ಬೀಳದೆ. ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂತು. ಎದುರಿಗೆ ಕಳಕಮ್ಮ ಅದೇ ಬೇಳೆಯನ್ನು ನುಂಗುತ್ತಿದ್ದಳು.

"ಕಳಕವ್ವಾ, ಉಪ್ಪು ಭಾಳ ಆಗಿಲ್ಲೇನು?"

"ಪಥ್ಯರಿ, ಮಾಸ್ತರ. ಉಣ್ರಿ."