ನಾನು ಹಾರಿಸಿ ಓದಿದ ಬೆಟ್ಟ

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಗಾಜು ಉಜ್ಜುವ ಕೆಲಸಕ್ಕೆ ಕಣ್ಣು, ಕೈ ಬೇಕು. ಕಿವಿ ಖಾಲಿ ಇರುತ್ತದೆ. ಹಾಗಾಗಿ ಮೊಬೈಲ್‌ನಲ್ಲಿ ಏನಾದರೊಂದು ಹಾಕಿಕೊಂಡಿರುತ್ತೇನೆ. ಈ ವರ್ಷ ಯುಗಾದಿ ಕಳೆದ ಮೇಲೆ ಯೂಟ್ಯೂಬ್ ತಾನಾಗಿಯೇ ಒಂದು ಮಾತುಕತೆಯನ್ನು ತಂದು ಎದುರಿಗಿಟ್ಟಿತು. ಮುದುಕರೊಬ್ಬರು ಬೆತ್ತದ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದರು. ಕೆಳಗಿದ್ದ ಹೆಸರು ಓದಿ ಕೈಯಲ್ಲಿದ್ದ ಲೆನ್ಸ್ ಪಕ್ಕಕ್ಕಿಟ್ಟೆ. ಹುಡುಗನಾಗಿದ್ದಾಗ ಊಟ ಬಿಟ್ಟು ಓದುತ್ತಿದ್ದ ಸಾಹಸ ಕಾದಂಬರಿಗಳನ್ನು ಬರೆದವರು ಅವರೇ. ಇನ್ನೂ ಇದ್ದಾರೆಂದೇ ನನಗೆ ಗೊತ್ತಿರಲಿಲ್ಲ. ಇರುವುದೂ ಎಲ್ಲೋ ದೂರದಲ್ಲಲ್ಲ, ಅಂಗಡಿಯಿಂದ ಸ್ಕೂಟರ್‌ನಲ್ಲಿ ಹತ್ತು ನಿಮಿಷದ ಹೊಸಮನೆ ಬಡಾವಣೆಯಲ್ಲಿ.

ಅವರ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ವಾರಕ್ಕೊಂದರಂತೆ ರೆಕಾರ್ಡ್ ಮಾಡಿ ಹಾಕುತ್ತಿದ್ದರು. ಮೊದಲನೆಯದನ್ನು ಕೇಳಿ ನನಗೆ ನಿರಾಸೆಯಾಯಿತು, ಸುಳ್ಳೇಕೆ ಹೇಳಲಿ. ಸಮುದ್ರದ ಕಳ್ಳರನ್ನೂ ಕಾಡಿನ ಗುಹೆಗಳನ್ನೂ ಬರೆದವರಿಗೆ ಗುಡುಗಿನಂಥ ದನಿ ಇರುತ್ತದೆಂದು ನಂಬಿದ್ದೆ. ಇವರದು ಕೀರಲು ದನಿ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದಾಗೆಲ್ಲ ಮಾತು ನಿಲ್ಲಿಸಿ, "ಎಷ್ಟಾಯ್ತು ಮೇಷ್ಟ್ರೆ, ಎರಡಾ? ಮೂರಕ್ಕೆ ಆಫ್ ಮಾಡ್ಬೇಕು, ಇಲ್ಲಾಂದ್ರೆ ಇವಳು ಬೈತಾಳೆ," ಎನ್ನುತ್ತಿದ್ದರು. ಸರ್ಕಾರಿ ಕಚೇರಿಯ ಗುಮಾಸ್ತಿಕೆ ಮುಗಿಸಿ ಬಂದು ಊಟದ ಮೇಜಿನ ಮೇಲೆ ಬರೆಯುತ್ತಿದ್ದರಂತೆ. ಅಷ್ಟು ಹಡಗು ಮುಳುಗಿಸಿದವರು ಸಮುದ್ರ ನೋಡಿದ್ದು ನಿವೃತ್ತಿಯ ನಂತರ, ಅದೂ ದೂರದಿಂದ, ನೀರೆಂದರೆ ಭಯವಂತೆ. ನಾಲ್ಕನೆಯ ವಾರದ ಹೊತ್ತಿಗೆ ನನಗೆ ಕಾದಂಬರಿಗಳಿಗಿಂತ ಈ ಮನುಷ್ಯನೇ ಹೆಚ್ಚು ಇಷ್ಟವಾಗಿಬಿಟ್ಟಿದ್ದರು.

ಐದನೆಯದರಲ್ಲಿ ಮೇಷ್ಟ್ರು, ಓದುಗರ ಕಾಗದ ಬರುತ್ತಿದ್ದವಾ ಎಂದು ಕೇಳಿದರು.

"ಬರ್ತಿದ್ವು ಮಾರಾಯ್ರೆ. ಭದ್ರಾವತಿ ನ್ಯೂ ಟೌನಿಂದ ಒಂದು ಹುಡುಗಿ ಬರೀತಿದ್ಲು. ಪೋಲಿಯೋ ಆಗಿ ಕಾಲು ಹೋಗಿತ್ತು, ಪಾಪ. ಕಿಟಕಿ ಬಿಟ್ಟು ಇನ್ನೇನೂ ನೋಡಿಲ್ಲ ಅಂತಿದ್ಲು. ಅವಳಿಗೋಸ್ಕರ ಧಾರಾವಾಹೀಲಿ ಒಂದು ಬೆಟ್ಟ ಹತ್ತಿಸ್ದೆ. ಒಂದು ಕಲ್ಲೂ ಬಿಡದೆ ಬರ್ದೆ, ಆ ಮಗು ಕಾಲಿಡಬೇಕಲ್ಲ ಅಲ್ಲಿ. ಮೂರು ವಾರ ಹತ್ತಿದ್ದೇ ಹತ್ತಿದ್ದು. ಸಂಪಾದಕರು ಬೈದ್ರು, ಓದೋರೂ ಬೈದ್ರು. ಆಮೇಲೆ ಅವಳ ಕಾಗದ ನಿಂತೋಯ್ತು. ಒಂದು ವರ್ಷ ಕಾದು, ಹುಡುಕ್ಕೊಂಡು ಹೋದೆ. ಆ ಕ್ವಾರ್ಟರ್ಸಲ್ಲಿ ಯಾರೋ ತಮಿಳ್ನೋರು ಇದ್ರು, ಅವರಿಗೇನೂ ಗೊತ್ತಿಲ್ಲ. ಇದ್ದಾಳೋ ಇಲ್ವೋ. ಈಗ್ಲೂ ಒಂದೊಂದ್ಸಲ ನೆನಪಾಗುತ್ತೆ."

ಆ ಹುಡುಗಿ ನಾನು.

ಆಗ ನನಗೆ ಹದಿನಾಲ್ಕು. ಅಪ್ಪ ಕಾರ್ಖಾನೆಯ ನೌಕರ, ನಮ್ಮದು ನ್ಯೂ ಟೌನಿನ ಕ್ವಾರ್ಟರ್ಸ್. ಅವರ ಧಾರಾವಾಹಿ ಬರುವ ವಾರಪತ್ರಿಕೆಗಾಗಿ ನಮ್ಮ ಸಾಲಿನ ಹುಡುಗರೆಲ್ಲ ಬಾಯಿಬಿಟ್ಟುಕೊಂಡು ಕಾಯುತ್ತಿದ್ದೆವು. ಮುಂದಿನ ವಾರದ ಕಥೆಯನ್ನು ಮೊದಲೇ ಹೇಳಿ ಎಲ್ಲರೆದುರು ಮೆರೆಯಬೇಕೆಂದು ನನಗೆ ಆಸೆ. ನನ್ನ ಹೆಸರಿನಲ್ಲಿ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಲೇಖಕರು ಹುಡುಗಿಯರಿಗೆ ತಪ್ಪದೆ ಉತ್ತರಿಸುತ್ತಾರೆ ಎಂಬುದು ನಮ್ಮ ಮೈದಾನದಲ್ಲಿ ಎಲ್ಲರಿಗೂ ಗೊತ್ತಿದ್ದ ಸತ್ಯ. ಹಾಗಾಗಿ ಒಂದು ಹುಡುಗಿಯ ಹೆಸರು ಕಟ್ಟಿದೆ. ಹುಡುಗಿಯಾದರೆ ಸಾಲದೆಂದು ಕಾಲನ್ನೂ ತೆಗೆದೆ. "ಮಲಗಿಯೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ದೋಣಿ ಮುಳುಗುತ್ತದೆಯೇ ಎಂಬುದನ್ನಷ್ಟಾದರೂ ತಿಳಿಸಿ." ವಾರದೊಳಗೆ ಉತ್ತರ ಬಂತು. ಗೆಳೆಯನ ಅಕ್ಕನಿಗೆ ಬರುವ ಕಾಗದ ಎಂದು ಮನೆಯಲ್ಲಿ ನಂಬಿಸಿದೆ. ಐದಾರು ತಿಂಗಳು ನಮ್ಮ ಸಾಲಿಗೆ ನಾನೇ ದೊಡ್ಡ ಮನುಷ್ಯ.

ಕೊನೆಯ ಕಾಗದದಲ್ಲಿ ಅವರು, "ಮುಂದಿನ ಮೂರು ವಾರ ನಾವಿಬ್ಬರೂ ಬೆಟ್ಟ ಹತ್ತೋಣ ಮಗೂ," ಎಂದು ಬರೆದಿದ್ದರು. ನನಗೆ ಸಿಟ್ಟು ಬಂತು. ಹೊಡೆದಾಟವಿಲ್ಲ, ಸಾವಿಲ್ಲ, ಬರೀ ಕಲ್ಲು, ಹುಲ್ಲು, ಏದುಸಿರು. ಹುಡುಗರಿಗೆ ಏನೆಂದು ಹೇಳುವುದು? ಆ ಪುಟಗಳನ್ನು ಹಾರಿಸಿ ಓದಿದೆ. ಬರೆಯುವುದನ್ನೂ ನಿಲ್ಲಿಸಿದೆ. ಕೆಲವೇ ತಿಂಗಳಲ್ಲಿ ಅಪ್ಪ ನಿವೃತ್ತರಾಗಿ ನಾವು ಶಿವಮೊಗ್ಗಕ್ಕೆ ಬಂದೆವು, ನಾನು ಅದನ್ನೆಲ್ಲ ಮರೆತೂಬಿಟ್ಟೆ. ಹೀಗೆ ಮರೆತದ್ದೇ ಈಗ ನನಗೆ ಹೆಚ್ಚು ನಾಚಿಕೆ ತರಿಸುವುದು. ಅವರು ನಲವತ್ತು ವರ್ಷ ಮರೆತಿಲ್ಲ.

ಹೇಳಿಬಿಡಲೇಬೇಕೆಂದು ಒಂದು ಭಾನುವಾರ ಹೊಸಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರ ಹೆಂಡತಿ ಬಾಗಿಲು ತೆಗೆದು, ಕೂರಿಸಿ, ಕಾಫಿ ಮಾಡಲು ಒಳಗೆ ಹೋದರು. ನಾನು ಮೂಲತಃ ಭದ್ರಾವತಿಯವನು ಎಂದಷ್ಟೇ ಹೇಳಿದ್ದೆ, ಲೇಖಕರು ಕುರ್ಚಿಯಲ್ಲಿ ಮುಂದಕ್ಕೆ ಬಂದರು.

"ನ್ಯೂ ಟೌನಾ? ಅಲ್ಲೊಬ್ಳು ಕಾಲಿಲ್ಲದ ಹುಡುಗಿ ಇದ್ಲು. ಗೊತ್ತಾ ನಿಮಗೆ?"

"ಗೊತ್ತು ಸಾರ್."

"ಇದ್ದಾಳಾ?"

ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯಿತೋ. "ಇದ್ದಾಳೆ ಸಾರ್. ಚೆನ್ನಾಗಿದ್ದಾಳೆ."

"ನಡೀತಾಳಾ?"

"ಕೋಲು ಹಿಡ್ಕೊಂಡು... ಸ್ವಲ್ಪ ಸ್ವಲ್ಪ."

"ಏ, ಕೇಳಿಸ್ತೇನೇ? ನಡೀತಾಳಂತೆ!" ಎಂದು ಅಡುಗೆಮನೆಗೆ ಕೂಗಿದರು. ಆಮೇಲೆ ದನಿ ತಗ್ಗಿಸಿ, "ಆ ಬೆಟ್ಟದ ಭಾಗ ಓದಿದ್ಲಂತಾ?" ಎಂದರು.

"ಓದಿದ್ಲು ಸಾರ್. ಎರಡೆರಡು ಸಲ."

ಹದಿನಾಲ್ಕರ ಹುಡುಗನಿಗೆ ಬುದ್ಧಿಯಿಲ್ಲ ಎನ್ನಬಹುದು. ಐವತ್ತೈದರ ಈ ಗಂಡಸಿಗೆ ಏನೆನ್ನಬೇಕು? ಕಾಫಿ ಕುಡಿದು, ಅವರ ಕಾಲಿಗೆ ನಮಸ್ಕಾರ ಮಾಡಿ ಬಂದೆ. ಅವರು ನನ್ನ ಹೆಸರನ್ನು ಕೇಳಲೇ ಇಲ್ಲ. ಒಳ್ಳೆಯದಾಯಿತೆಂದುಕೊಂಡೆ, ಅಂಥವನು ನಾನು.

ಹೊಸ ಮಾತುಕತೆ ಮೊನ್ನೆ ಬಂದಿದೆ. ಗಿರಾಕಿಗಳು ಹೋಗುವವರೆಗೆ ತಡೆದು, ಶಟರ್ ಅರ್ಧ ಎಳೆದು ಕೇಳಿದೆ. ಯಾರೋ ಪುಣ್ಯಾತ್ಮ ಮನೆಗೇ ಬಂದು ಸುದ್ದಿ ಕೊಟ್ಟು ಹೋದ, ಹುಡುಗಿ ನಡೆಯುತ್ತಾಳಂತೆ ಎಂದು ಅವರು ಊರಿಗೆಲ್ಲ ಹೇಳುತ್ತಿದ್ದರು. ಕೆಳಗೆ ಕಾಮೆಂಟುಗಳಲ್ಲಿ ಜನ ಆ ಪುಣ್ಯಾತ್ಮನಿಗೆ ಕೈಮುಗಿದಿದ್ದಾರೆ. ಮೇಷ್ಟ್ರು, ಈಗ ಏನಾದರೂ ಬರೆಯುತ್ತಿದ್ದೀರಾ ಎಂದು ಕೇಳಿದರು.

"ಹತ್ತು ವರ್ಷದಿಂದ ಪೆನ್ನು ಮುಟ್ಟಿರ್ಲಿಲ್ಲ ಮೇಷ್ಟ್ರೆ. ಮತ್ತೆ ಶುರು ಮಾಡಿದೀನಿ. ಕಣ್ಣು ಸರಿ ಕಾಣಲ್ಲ, ದಿನಕ್ಕೆ ನಾಲ್ಕು ಸಾಲು ಆಗುತ್ತೆ ಅಷ್ಟೆ. ಆಗ ಆ ಮಗೂನ ಬೆಟ್ಟ ಹತ್ತಿಸಿ ಅಲ್ಲೇ ಬಿಟ್ಬಿಟ್ಟಿದ್ದೆ. ಈಗ ಕೈಹಿಡ್ಕೊಂಡು ಇಳಿಸ್ಬೇಕು."