ಮೀನೆಣ್ಣೆ ಹಚ್ಚಿದ ಸೈಕಲ್ಲುಗಳು ಮತ್ತು ನಮ್ಮ ಸುಗುಣಾ ಟೀಚರ್

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಈ ಕರಾವಳಿಯಲ್ಲಿ ಸೈಕಲ್ಲಿನ ಮಾತು ಎಲ್ಲಿ ಬಂದರೂ ಸುಗುಣಾ ಟೀಚರ್ ಅವರ ಹೆಸರು ಬಾರದೆ ಆ ಮಾತು ಮುಗಿಯುವುದಿಲ್ಲ. ಕಬಡ್ಡಿ, ಖೋಖೋ ತಂಡಗಳನ್ನು ರಾಜ್ಯಮಟ್ಟಕ್ಕೆ ಒಯ್ದ ದೈಹಿಕ ಶಿಕ್ಷಣ ಶಿಕ್ಷಕಿಯರು ಜಿಲ್ಲೆಯಲ್ಲಿ ಹಲವರಿದ್ದಾರೆ. ಆದರೆ ಒಂದು ಊರಿನ ಮಕ್ಕಳನ್ನೂ ಅವರ ತಾಯಂದಿರನ್ನೂ ಸೈಕಲ್ಲಿನ ಮೇಲೆ ಕೂರಿಸಿ, ಆ ಸೈಕಲ್ಲುಗಳಿಗಾಗಿ ಚತುಷ್ಪಥ ಹೆದ್ದಾರಿಯ ಅಡಿಯಲ್ಲಿ ದಾರಿ ಮಾಡಿಸಿದವರು ಇವರೊಬ್ಬರೇ. ಹೊಸಬೈಲು ಪ್ರೌಢಶಾಲೆಯಲ್ಲಿ ಇಪ್ಪತ್ತೊಂದು ವರ್ಷ ದುಡಿದು ಈ ಮೇ ತಿಂಗಳಲ್ಲಿ ನಿವೃತ್ತರಾದ ಅವರ ಬಗ್ಗೆ ಬರೆಯುವಾಗ ಹೊಗಳಿಕೆಗೆ ಪದಗಳನ್ನು ಹುಡುಕಬೇಕಾಗಿಲ್ಲ, ನಡೆದದ್ದನ್ನು ನಡೆದಂತೆ ಹೇಳಿದರೆ ಸಾಕು. ಅದರಲ್ಲಿ ಅವರು ಮಾಡಿದ ಒಂದು ಭಾರಿ ಎಡವಟ್ಟೂ ಸೇರಿದೆ. ಅದನ್ನು ಬಿಟ್ಟು ಬರೆದರೆ ಟೀಚರ್ ಅವರೇ ಈ ಅಭಿನಂದನ ಗ್ರಂಥವನ್ನು ಹಿಂದಕ್ಕೆ ಕೊಟ್ಟುಬಿಟ್ಟಾರು!

ಶಂಕರನಾರಾಯಣದ ಕೃಷಿಕರ ಮನೆಯ ಮಗಳಾದ ಸುಗುಣಾ ಅವರು ಹೊಸಬೈಲಿಗೆ ವರ್ಗವಾಗಿ ಬಂದದ್ದು 1997ರ ಜೂನ್‌ನಲ್ಲಿ. ಮೊದಲ ದಿನವೇ ಸೀರೆಯುಟ್ಟು, ಅಣ್ಣನ ಹಳೆಯ ಸೈಕಲ್ ಏರಿ, ತಲ್ಲೂರಿನ ಕಡೆಯಿಂದ ಹೆದ್ದಾರಿಯಲ್ಲಿ ಬೆಲ್ ಬಾರಿಸುತ್ತ ಬಂದ ಅವರನ್ನು ಕಂಡು ಹೋಟೆಲಿನಲ್ಲಿ ಕುಳಿತವರ ಚಹಾ ಆರಿಹೋಯಿತಂತೆ. ಊರಿನ ಸೈಕಲ್ ಶಾಪಿನ ಐತ ಮಾತ್ರ ಅಂಗಡಿಯಿಂದ ಓಡಿಬಂದು ಅಡ್ಡಗಟ್ಟಿದರು.

"ಹ್ವಾಯ್ ಟೀಚ್ರೆ, ನಿಲ್ಲಿ ಮಾರ್ರೆ! ಸೀರೆ ಚೈನಿಗ್ ಸಿಕ್ಕಿ ಬಿದ್ರೆ ಎಂತ ಮಾಡ್ತ್ರಿ? ಒಂದ್ ಚೈನ್ ಕವರ್ ಹಾಕಿ ಕೊಡ್ತೆ, ಕೂಕಣಿ."

ಹಾಗೆ ಶುರುವಾದ ಸ್ನೇಹ ಇವತ್ತಿಗೂ ಮುರಿದಿಲ್ಲ. ಟೀಚರ್ ಅವರು ಸಂಜೆ ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ ಕಲಿಸಲು ತೊಡಗಿದರೆ, ಮುರಿದ ಪೆಡಲನ್ನೂ ಡೊಂಕಾದ ಹ್ಯಾಂಡಲನ್ನೂ ಸರಿಮಾಡುವ ಕೆಲಸ ಐತರ ಪಾಲಿಗೆ ಬಂತು. ಮೊಣಕಾಲು ಕೆತ್ತಿಸಿಕೊಂಡ ಹುಡುಗಿಯನ್ನು ಟೀಚರ್ ಅವರು ಎಂದೂ ಗದರಿದವರಲ್ಲ. ಗಾಯ ತೊಳೆದು, ಔಷಧಿ ಹಚ್ಚಿ, ಅದೇ ನಿಮಿಷ ಮತ್ತೆ ಸೀಟಿನ ಮೇಲೆ ಕೂರಿಸುವುದು ಅವರ ಕ್ರಮ. ಮುಂದೆ ದೊಡ್ಡವರೂ ಸೇರಿದರು. ಬೈಂದೂರಿನ ಬ್ಯಾಂಕ್ ನೌಕರ ರಾಜೇಂದ್ರ ಅವರ ಮುಂದಾಳತ್ವದಲ್ಲಿ ಭಾನುವಾರದ ಸವಾರಿ ಎಂಬ ಬಳಗ ಹುಟ್ಟಿತು. ವರ್ಷಕ್ಕೊಮ್ಮೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಪ್ಪತ್ತು ಜನ ಸಾಲಾಗಿ ಹೋಗುವಾಗ ಟೀಚರ್ ಅವರದ್ದು ಒಂದೇ ಕಟ್ಟುಪಾಡು: ಎಲ್ಲರಿಗಿಂತ ನಿಧಾನ ತುಳಿಯುವವರು ಎಲ್ಲರಿಗಿಂತ ಮುಂದೆ ಇರಬೇಕು. ಕಾಲು ತುರಿಸುವ ಹುಡುಗರು ಹಲ್ಲು ಕಚ್ಚಿಕೊಂಡು ಹಿಂದೆ ಬರುತ್ತಿದ್ದರು, ಆದರೆ ಯಾರೂ ಒಂಟಿಯಾಗಿ ಹಿಂದುಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರದಿಂದ ಸೈಕಲ್ ಸಿಗತೊಡಗಿತು. ಆ ದಿನಗಳ ಸಂಭ್ರಮವನ್ನು ಕಂಡವರೇ ಬಲ್ಲರು! ಲಾರಿಯಿಂದ ಇಳಿದ ಹೊಸ ಸೈಕಲ್ಲುಗಳನ್ನು ಮಕ್ಕಳು ಸವರಿ ಸವರಿ ನೋಡುವುದೇನು, ಬೆಲ್ಲಿನ ಸದ್ದಿಗೆ ಮೇಷ್ಟ್ರುಗಳ ಪಾಠವೇ ಕೇಳಿಸದೆ ಹೋಗುವುದೇನು! ಶಾಲೆ ಹೆದ್ದಾರಿಯ ಪಶ್ಚಿಮಕ್ಕೆ, ಹೆಚ್ಚಿನ ಮಕ್ಕಳ ಮನೆ ಪೂರ್ವಕ್ಕೆ. 2011ರ ಹೊತ್ತಿಗೆ ದಿನಾಲೂ ನೂರ ಅರವತ್ತು ಮಕ್ಕಳು ಸೈಕಲ್ಲಿನಲ್ಲಿ ಹೆದ್ದಾರಿ ದಾಟಿ ಶಾಲೆಗೆ ಬರುತ್ತಿದ್ದರು. ಮುಖ್ಯೋಪಾಧ್ಯಾಯರ ಮಾತಿನಲ್ಲಿ ಹೇಳುವುದಾದರೆ, ಶಾಲೆಯ ಹಾಜರಿ ಪುಸ್ತಕಕ್ಕೆ ಚಕ್ರ ಬಂದಿತ್ತು.

ಆದರೆ ಸಮುದ್ರದ ಉಪ್ಪುಗಾಳಿ ಯಾರ ಸೈಕಲ್ಲನ್ನೂ ಬಿಡುವುದಿಲ್ಲ. ಒಂದೇ ಮಳೆಗಾಲಕ್ಕೆ ರಿಮ್ಮು, ಚೈನು, ಸ್ಪೋಕು ಎಲ್ಲ ತುಕ್ಕು. ಟೀಚರ್ ಅವರಿಗೆ ಇದೇ ಚಿಂತೆ. ಆ ಜುಲೈಯಲ್ಲಿ ಅವರು ಮರವಂತೆಯ ದಡಕ್ಕೆ ಹೋಗಿದ್ದಾಗ, ಮೀನುಗಾರರು ಹೊಸ ಋತುವಿಗಾಗಿ ದೋಣಿಗಳಿಗೆ ಮೀನೆಣ್ಣೆ ಬಳಿಯುತ್ತಿದ್ದುದನ್ನು ಕಂಡರು. ಉಪ್ಪುನೀರಿನಲ್ಲಿ ವರ್ಷಗಟ್ಟಲೆ ನಿಲ್ಲುವ ದೋಣಿಯನ್ನು ಕಾಯುವ ಎಣ್ಣೆ ಸೈಕಲ್ಲನ್ನು ಕಾಯದೆ ಇದ್ದೀತೇ? ಒಳನಾಡಿನಲ್ಲಿ ಬೆಳೆದ ಅವರಿಗೆ ಈ ಯೋಚನೆ ಎಷ್ಟು ಹಿಡಿಸಿತೆಂದರೆ, ಯಾರನ್ನೂ ಕೇಳದೆ ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ಸಾರಿಯೇಬಿಟ್ಟರು. ಮೀನುಗಾರರ ಮನೆಯ ಮಕ್ಕಳು ಡಬ್ಬಿಗಟ್ಟಲೆ ಎಣ್ಣೆ ಹೊತ್ತು ತಂದರು. ಶನಿವಾರ ಮಧ್ಯಾಹ್ನ ನೂರ ಅರವತ್ತು ಸೈಕಲ್ಲುಗಳಿಗೂ ಅಭ್ಯಂಜನವಾಯಿತು.

ಸೋಮವಾರ ಬೆಳಿಗ್ಗೆ ಊರಿನ ನಾಯಿಗಳೆಲ್ಲ ಒಂದಾದವು. ಯಾವ ಸೈಕಲ್ ಕಂಡರೂ ಬೆನ್ನು ಹತ್ತುವುದೇ. ನಾಯಿ ಅಟ್ಟಿಸಿಕೊಂಡು ಬಂದರೆ ತುಳಿಯಬಾರದು, ಇಳಿದು ಸೈಕಲ್ಲನ್ನು ಅಡ್ಡ ಹಿಡಿದು ನಡೆಯಬೇಕು ಎಂದು ಟೀಚರ್ ಅವರೇ ಹಿಂದೆ ಪಾಠ ಮಾಡಿದ್ದರು. ಮಕ್ಕಳು ಪಾಠವನ್ನು ಚಾಚೂ ತಪ್ಪದೆ ಪಾಲಿಸಿದರು. ಮೀನು ಮಾರುವ ಸುಂದರಿಯವರ ಮಗಳು, ಎಂಟನೆಯ ತರಗತಿಯ ವನಜ, ಮೂಗು ಮುಚ್ಚಿಕೊಂಡೇ ವರದಿ ಒಪ್ಪಿಸಿದಳು: "ಟೀಚ್ರೆ, ನಾಯಿ ನಮ್ಮನ್ ಕಚ್ಚುಕ್ ಬಪ್ಪುದಲ್ಲ, ಸೈಕಲ್ ನೆಕ್ಕುಕ್ ಬಪ್ಪುದ್!"

ಟೀಚರ್ ಅವರಿಗೆ ನಗು, ನಾಚಿಕೆ ಎರಡೂ. ಸೀಗೆಪುಡಿ, ಬೂದಿ, ಸೀಮೆಎಣ್ಣೆ ಹಾಕಿ ಸೈಕಲ್ಲುಗಳನ್ನು ತಿಕ್ಕಿಸಿದರು. ವಾಸನೆ ಪೂರ್ತಿ ಹೋಗಲು ಮೂರು ವಾರ ಹಿಡಿಯಿತು. ಅಷ್ಟೂ ದಿನ ಮಕ್ಕಳು ಸೈಕಲ್ಲನ್ನು ತಳ್ಳಿಕೊಂಡೇ ಹೆದ್ದಾರಿ ದಾಟಿದರು. ಅದೇ ವಾರಗಳಲ್ಲಿ ಒಂದು ದಿನ ರಸ್ತೆ ಬದಿಯಲ್ಲಿ ಇಬ್ಬರು ಕೊಡೆ ಹಿಡಿದು, ಕಾಗದದ ಮೇಲೆ ಗೀಟು ಹಾಕುತ್ತ ಕುಳಿತಿದ್ದರು. ಅವರನ್ನು ಯಾರೂ ಗಮನಿಸಲಿಲ್ಲ.

ಅವರು ಯಾರೆಂದು ತಿಳಿದದ್ದು ಅಕ್ಟೋಬರಿನಲ್ಲಿ, ಹೆದ್ದಾರಿ ಅಗಲ ಮಾಡುವ ಬಗ್ಗೆ ಕರೆದ ಊರಿನ ಸಭೆಯಲ್ಲಿ. ಶಾಲೆಯ ಎದುರು ಮೊದಲು ಯೋಚಿಸಿದ್ದ ಕೆಳದಾರಿಯನ್ನು ಕೈಬಿಡಲಾಗಿದೆ, ದಾಟುವವರು ಎರಡೂವರೆ ಕಿಲೋಮೀಟರ್ ಆಚೆ ಹೋಗಿ ದಾಟಬೇಕು ಎಂದು ಇಂಜಿನಿಯರ್ ಭೋಜರಾಜ ಅವರು ಓದಿ ಹೇಳಿದರು. ಕಾರಣವನ್ನೂ ಓದಿದರು: ಎಣಿಕೆಯ ದಿನ ಅಲ್ಲಿ ದಾಟಿದ ಸೈಕಲ್ ಸವಾರರು ಹನ್ನೊಂದು ಮಂದಿ ಮಾತ್ರ.

ಸಭೆ ಸಿಡಿದೆದ್ದಿತು. ಹನ್ನೊಂದೇ? ಸುಳ್ಳು ಲೆಕ್ಕ, ಕುಳಿತಲ್ಲೇ ಬರೆದದ್ದು ಎಂದು ನಾಲ್ಕು ಕಡೆಯಿಂದ ಕೂಗು. ಎಲ್ಲಕ್ಕಿಂತ ಮೇಲೆ ಕೇಳಿದ್ದು ಸುಂದರಿಯವರ ದನಿ: "ಎದ್ರಿಂದ ಲಾರಿ ಬಪ್ಪ ರೋಡಗೆ ನನ್ ಹೆಣ್ಣ್ ಎರಡೂವರೆ ಕಿಲೋಮೀಟರ್ ಉಲ್ಟಾ ಬಪ್ಪುದಾ? ಹಾಂಗಾರೆ ಸೈಕಲ್ಲೂ ಬ್ಯಾಡ, ಶಾಲೆಯೂ ಬ್ಯಾಡ. ಮನೆಯಗೇ ಇರ್ಲಿ."

ಆ ಮಾತು ಟೀಚರ್ ಅವರ ಎದೆಗೆ ನಾಟಿತು. ಹದಿನಾಲ್ಕು ವರ್ಷ ಒಬ್ಬೊಬ್ಬರನ್ನಾಗಿ ಸೀಟಿನ ಮೇಲೆ ಕೂರಿಸಿದ ಹೆಣ್ಣುಮಕ್ಕಳು ಇನ್ನು ಒಬ್ಬೊಬ್ಬರಾಗಿ ಇಳಿದು ಮನೆ ಸೇರುವುದು ಅವರ ಕಣ್ಣಿಗೆ ಕಟ್ಟಿತು. ಭೋಜರಾಜರ ಕೈಯಿಂದ ಕಾಗದ ಪಡೆದು ಎಣಿಕೆಯ ದಿನಾಂಕ ನೋಡಿದರು. ಅದು ಮೀನೆಣ್ಣೆಯ ಆ ಮೂರು ವಾರಗಳಲ್ಲೇ ಬಿದ್ದಿತ್ತು. ಸುಮ್ಮನೆ ಕುಳಿತಿದ್ದರೆ ಊರೆಲ್ಲ ಎಣಿಸಲು ಬಂದವರನ್ನೇ ಬೈಯುತ್ತಿತ್ತು. ಟೀಚರ್ ಅವರ ಹೆಸರಿಗೆ ಒಂದು ಕಲೆಯೂ ಬೀಳುತ್ತಿರಲಿಲ್ಲ. ಅವರು ಎದ್ದು ನಿಂತರು.

"ಲೆಕ್ಕ ಸುಳ್ಳಲ್ಲ ಹ್ವಾಯ್, ಎಲ್ಲ ಕೂಕಣಿ. ತಪ್ಪ್ ನಂದ್. ಮೀನೆಣ್ಣೆ ಹಚ್ಚುಕ್ ಹೇಳದ್ದ್ ನಾನ್, ನಾಯಿ ಬಂದ್ರೆ ಇಳ್ದ್ ನಡೀನಿ ಅಂತ ಹೇಳದ್ದೂ ನಾನ್. ಮಕ್ಳ್ ತಳ್ಕಂಡ್ ಹೋದ್ರ್, ಎಣ್ಸುಕ್ ಬಂದವ್ರ್ ನಡ್ಕಂಡ್ ಹೋಪವ್ರ್ ಅಂತ ಬರ್ಕಂಡ್ರ್."

ಆಗ ಎದ್ದ ನಗುವಿಗೆ ಹೆಂಚು ಹಾರಿಹೋಗದೆ ಉಳಿದದ್ದೇ ಹೆಚ್ಚು. ಬ್ರಹ್ಮಾವರದ ಕಡೆಯವರಾದ ಭೋಜರಾಜರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗು ಇಳಿದ ಮೇಲೆ ಅವರು ಹೇಳಿದ್ದಿಷ್ಟು: ಡಿಸೆಂಬರಿನಲ್ಲಿ ಒಂದು ದಿನ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮತ್ತೊಮ್ಮೆ ಎಣಿಸೋಣ; ಸೈಕಲ್ಲುಗಳು ನಾನೂರು ಸಲ ದಾಟಿದರೆ ಮೇಲಿನವರ ಮುಂದೆ ನಾನೇ ವಾದಿಸುತ್ತೇನೆ; ಕಡಿಮೆಯಾದರೆ ನನ್ನ ಕೈಯಲ್ಲಿ ಏನೂ ಇಲ್ಲ.

ಸಭೆ ಮುಗಿದ ಮೇಲೆ ಸುಂದರಿಯವರು ಟೀಚರ್ ಅವರ ಹತ್ತಿರ ಬಂದು, "ನನ್ ಹೆಣ್ಣ್ ಹೋಪ ದಾರಿಯನ್ನ್ ನಾನೂ ಒಂದ್ ಸಲ ಸೈಕಲಗ್ ಹೋಯ್ ಕಾಣ್ಕ್, ಕಲಿಸ್ತ್ರಿಯಾ?" ಎಂದು ಕೇಳಿದರು. ಮರುಶನಿವಾರದಿಂದ ಮೈದಾನದಲ್ಲಿ ಮೀನು ಮಾರುವ ಹೆಂಗಸರ ತರಗತಿ ಶುರುವಾಯಿತು. ಬೇಲಿಯ ಒಳಗೆ ಅವರೆಲ್ಲ ಚೆನ್ನಾಗಿಯೇ ತುಳಿಯುತ್ತಿದ್ದರು. ರಸ್ತೆಗಿಳಿಯುವ ಮಾತೆತ್ತಿದರೆ ಮಾತ್ರ, ಜನ ನಗುತ್ತಾರೆ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಟೀಚರ್ ಅವರು ಒತ್ತಾಯ ಮಾಡಲಿಲ್ಲ.

ಎಣಿಕೆಯ ದಿನ ಬಂತು. ಬೆಳಗಾಗುವ ಮೊದಲೇ ಹೆದ್ದಾರಿಯ ಬದಿಯಲ್ಲಿ ಜಾತ್ರೆಯಂಥ ಗಲಾಟೆ. ಬೈಂದೂರು, ಬ್ರಹ್ಮಾವರಗಳಿಂದ ರಾಜೇಂದ್ರರ ಬಳಗದ ಎಪ್ಪತ್ತು ಸೈಕಲ್ಲುಗಳು ಬಂದಿಳಿದಿದ್ದವು. ಒಬ್ಬೊಬ್ಬರು ಆರು ಸಲ ದಾಟಿದರೂ ನಾನೂರೇನು ಮಹಾ! ಆದರೆ ಟೀಚರ್ ಅವರು ಕೈ ಅಡ್ಡ ಹಿಡಿದರು.

"ಟೀಚ್ರೆ, ಒಂದೇ ಒಂದ್ ಸಲ ದಾಟ್ತೆ" ಎಂದು ರಾಜೇಂದ್ರ ಅಂಗಲಾಚಿದರು.

"ನಾಳೆ ಬತ್ರಿಯಾ? ನಾಡಿದ್ದ್ ಬತ್ರಿಯಾ? ಇಲ್ದಿರೆ ಇವತ್ತೂ ಬ್ಯಾಡ."

ಎಪ್ಪತ್ತು ಸೈಕಲ್ಲುಗಳು ಸ್ಟ್ಯಾಂಡ್ ಹಾಕಿ ನಿಂತವು. ಅವುಗಳ ಒಡೆಯರು ದಿನವಿಡೀ ಬೆಲ್ ಬಾರಿಸಿ ಹುರಿದುಂಬಿಸುವುದನ್ನೊಂದು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ. ಮಕ್ಕಳು ಬಂದರು, ಸಾಲು ಸಾಲಾಗಿ, ನಿಧಾನದವರು ಮುಂದೆ! ಹಾಲು ಒಯ್ಯುವವರು, ಗಾರೆ ಕೆಲಸದವರು, ಪೇಪರ್ ಹಾಕುವವರು ಬಂದರು. ಐತ ಅಂಗಡಿಗೆ ಬೀಗ ಹಾಕಿ, ಪಂಪು ಹಿಡಿದು ರಸ್ತೆಯ ಬದಿಯಲ್ಲೇ ಕುಳಿತಿದ್ದರು. ಶಾಲೆ ಬಿಟ್ಟು ಮಕ್ಕಳೆಲ್ಲ ಮರಳಿ ದಾಟಿದ ಮೇಲೆ, ಐದು ಗಂಟೆಗೆ ಭೋಜರಾಜರ ಕಾಗದದಲ್ಲಿ ಮುನ್ನೂರ ಎಂಬತ್ತೊಂದು. ಐದೂವರೆಗೆ ಮುನ್ನೂರ ಎಂಬತ್ತೆಂಟು. ಆಮೇಲೆ ರಸ್ತೆ ಖಾಲಿ. ಬೆಲ್ಲುಗಳೂ ಸುಮ್ಮನಾದವು. ರಾಜೇಂದ್ರ ಮತ್ತೊಮ್ಮೆ ಟೀಚರ್ ಅವರ ಮುಖ ನೋಡಿದರು. ಟೀಚರ್ ಅವರಿಗೆ ಅಳು ಬರುವಂತಿತ್ತು, ಆದರೂ ತಲೆ ಅಡ್ಡ ಆಡಿಸಿದರು.

ಆಗ ಕಡಲ ಕಡೆಯ ದಾರಿಯಿಂದ ಒಂದು ಬೆಲ್ ಕೇಳಿಸಿತು. ಸಂಜೆಯ ಮೀನು ಮಾರಲು ಹೊರಟ ಸುಂದರಿಯವರು, ಹಿಂದಿನ ಕ್ಯಾರಿಯರಿಗೆ ಮೀನಿನ ಬುಟ್ಟಿ ಕಟ್ಟಿ, ಮಗಳು ಶಾಲೆಯಲ್ಲೇ ಬಿಟ್ಟುಹೋಗಿದ್ದ ಸೈಕಲ್ ತುಳಿಯುತ್ತ ಬರುತ್ತಿದ್ದರು! ಅವರ ಹಿಂದೆ ಹದಿಮೂರು ಮಂದಿ. ಒಬ್ಬರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿರಲಿಲ್ಲ. ಎರಡೂ ಕೈ ಹ್ಯಾಂಡಲಿನ ಮೇಲಿದ್ದವು. ಎರಡೂ ಕಡೆ ನೋಡಿ, ಹೆದ್ದಾರಿ ದಾಟಿ, ಭೋಜರಾಜರ ಮೇಜಿನ ಪಕ್ಕ ಬ್ರೇಕ್ ಹಾಕಿ ಸುಂದರಿಯವರು ಹೇಳಿದರು: "ಹದ್ನಾಕ್ ಜನ. ನಾಳೆಯೂ ಬತ್ತ್, ನಾಡಿದ್ದೂ ಬತ್ತ್. ಬರ್ಕಣಿ."

ನಾನೂರ ಎರಡು! ಎಪ್ಪತ್ತು ಬೆಲ್ಲುಗಳು ಒಟ್ಟಿಗೆ ಬಾರಿಸಿದ ಆ ಸದ್ದು ಮರವಂತೆಯವರೆಗೆ ಕೇಳಿಸಿತೆಂದು ಈಗಲೂ ಹೇಳುವವರಿದ್ದಾರೆ. ಟೀಚರ್ ಅವರು ಅತ್ತರು, ನಕ್ಕರು, ಕೊನೆಗೆ ಸುಂದರಿಯವರ ಬುಟ್ಟಿಯ ಹಗ್ಗ ಸಡಿಲವಾಗಿದೆ ಎಂದು ಬಿಗಿದು ಕಟ್ಟಿಕೊಟ್ಟರು. ಮರುದಿನ ಸಂಜೆ ಯಾರೂ ಎಣಿಸುವವರಿಲ್ಲದಾಗಲೂ ಹದಿನಾಲ್ಕು ಸೈಕಲ್ಲುಗಳು ದಾಟಿದ್ದನ್ನು ರಾಜೇಂದ್ರರು ರಜೆ ಹಾಕಿ, ಕುಳಿತು ನೋಡಿ ಹೋದರು.

ಭೋಜರಾಜರು ಮಾತು ಉಳಿಸಿಕೊಂಡರು. ಕಾಗದಗಳು ತಿರುಗಿ, ಕೆಲಸ ನಿಂತು, ಮತ್ತೆ ಶುರುವಾಗಿ, 2016ರಲ್ಲಿ ಕೆಳದಾರಿ ತೆರೆಯಿತು. ಮೊದಲು ಯಾರು ಹೋಗಬೇಕೆಂದು ಗಣ್ಯರು ಕೇಳಿದಾಗ, ಟೀಚರ್ ಅವರು ಆ ವರ್ಷ ಎಂಟನೆಯ ತರಗತಿಯಲ್ಲಿ ಎಲ್ಲರಿಗಿಂತ ನಿಧಾನ ತುಳಿಯುತ್ತಿದ್ದ ಮೋಕ್ಷಿತಾಳನ್ನು ಮುಂದೆ ಬಿಟ್ಟರು. ಗಣ್ಯರು ಅವಳ ಹಿಂದೆ ನಡೆದರು. ಇಂದು ಪದವಿ ಓದುತ್ತಿರುವ ವನಜ ಅದೇ ದಾರಿಯಲ್ಲಿ ಬಸ್ ನಿಲ್ದಾಣಕ್ಕೆ ಸೈಕಲ್ಲಿನಲ್ಲೇ ಹೋಗುತ್ತಾಳೆ.

ನಿವೃತ್ತಿಯ ದಿನ ಹಾರ, ಶಾಲು, ಭಾಷಣಗಳೆಲ್ಲ ಮುಗಿದು ಟೀಚರ್ ಅವರು ಸೈಕಲ್ ಸ್ಟ್ಯಾಂಡಿಗೆ ಬಂದಾಗ ಮೂಗಿಗೆ ಪರಿಚಿತ ವಾಸನೆ ಬಡಿಯಿತು. ಅವರ ಹಳೆಯ ಸೈಕಲ್ ಹ್ಯಾಂಡಲಿನಿಂದ ಮಡ್‌ಗಾರ್ಡಿನವರೆಗೆ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಎಣ್ಣೆಯ ಡಬ್ಬಿ ಹಿಡಿದು ಸುಂದರಿಯವರು ನಿಂತಿದ್ದರು.

"ಎಂತ ಮಾಡಿದ್ರಿ ಮಾರ್ರೆ!" ಎಂದು ಟೀಚರ್ ಅವರು ಕೂಗಿದರು.

"ದೋಣಿಗೆ ಎಣ್ಣೆ ಹಚ್ಚೂದ್ ದಡದಗೆ ಇಡುಕಲ್ಲ ಟೀಚ್ರೆ, ಕಡ್ಲಿಗ್ ಇಳ್ಸುಕೆ" ಎಂದರು ಸುಂದರಿಯವರು. "ಶನಿವಾರ ಮೈದಾನಕ್ಕೆ ಬರ್ಕ್. ಹೊಸ್ಬರ್ ಒಂಬತ್ತ್ ಜನ ಕಲೂಕೆ ಇದ್ರ್."

ಸುಗುಣಾ ಟೀಚರ್ ಅವರಿಗೆ ನೂರು ತುಂಬಲಿ, ಆ ನೂರರಲ್ಲಿ ಒಂದು ಶನಿವಾರವೂ ಬಿಡುವು ಸಿಗದಿರಲಿ ಎಂಬುದು ನಮ್ಮೆಲ್ಲರ ಹಾರೈಕೆ. ಆ ಸಂಜೆ ಅವರು ತಾವೇ ಕಲಿಸಿದ ಪಾಠದಂತೆ ಸೈಕಲ್ಲಿನಿಂದ ಇಳಿದು, ಅದನ್ನು ಅಡ್ಡ ಹಿಡಿದು ತಳ್ಳುತ್ತ, ನಗುತ್ತ, ಹಿಂದೆ ನಾಲ್ಕು ನಾಯಿಗಳನ್ನು ಕಟ್ಟಿಕೊಂಡು, ಕೆಳದಾರಿಯಲ್ಲಿ ನಡೆದೇ ಮನೆಗೆ ಹೋದರು.